ಗಂಟೆ ಬಾರಿಸದ ದಿನಗಳು

ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರಂತೆ ಎಂಬ ಗಾದೆ ನಮ್ಮ ಎಷ್ಟೋ ಕೆಲಸಗಳಿಗೆ ಸಲೀಸಾಗಿ ಒಪ್ಪುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ತೆರೆಯುವ ಹುಡುಗನಿಂದ ಹಿಡಿದು, ಮಳೆ ಬಂದ ಮೇಲೆ ಚರಂಡಿ ಎತ್ತಿಸುವ ಪುರಸಭೆಯವರೆಗೆ ಯಾರಿಗೆ ಬೇಕಾದರೂ ಹೇಳಬಹುದು. ತಮಾಷೆಯೆಂದರೆ, ಬೆಂಕಿಯ ಹೆಸರಿನಲ್ಲೇ ಇರುವ ಇಲಾಖೆಗೆ ಮಾತ್ರ ಈ ಗಾದೆ ಒಪ್ಪುವುದಿಲ್ಲ. ಅಗ್ನಿಶಾಮಕ ಠಾಣೆ ಎಂದರೆ ಬೆಂಕಿ ಬೀಳುವ ಮೊದಲೇ ತೋಡಿಟ್ಟ ಬಾವಿ. ಆದರೆ ತೋಡಿಟ್ಟ ಬಾವಿಯ ಕಷ್ಟವೇ ಬೇರೆ. ಯಾರೂ ನೀರು ಸೇದದೆ ವರ್ಷಗಟ್ಟಲೆ ಬಿಟ್ಟರೆ ಅದಕ್ಕೆ ಹೂಳು ತುಂಬುತ್ತದೆ. ಬೇಕಾದ ದಿನ ಕೊಡ ಇಳಿಸಿದರೆ ಕೆಸರು ಬರುತ್ತದೆ.

ನಮ್ಮೂರ ಅಗ್ನಿಶಾಮಕ ಠಾಣೆಯ ಮುಂದೆ ಹಾದುಹೋಗುವವರು ಆಡುವ ಮಾತನ್ನು ನೀವೂ ಕೇಳಿರುತ್ತೀರಿ. ‘ಇವರದೇ ಸುಖ ನೋಡ್ರಿ, ಬೆಳಿಗ್ಗೆ ಗಾಡಿ ತೊಳೆಯೋದು, ಸಂಜೆ ವಾಲಿಬಾಲ್ ಆಡೋದು, ತಿಂಗಳಾದರೆ ಸಂಬಳ.’ ಹೊರಗಿನಿಂದ ನೋಡುವವರಿಗೆ ಹಾಗೇ ಕಾಣುತ್ತದೆ. ಕೆಂಪು ಗಾಡಿ ಶೆಡ್ಡಿನಲ್ಲಿ ನಿಂತಿರುತ್ತದೆ. ಖಾಕಿ ತೊಟ್ಟ ನಾಲ್ಕು ಜನ ಬೇವಿನ ಮರದ ಕೆಳಗೆ ಕೂತಿರುತ್ತಾರೆ. ಹೋಸ್ ಪೈಪುಗಳು ಮದುವೆ ಮನೆಯ ಪಂಚೆಗಳ ಹಾಗೆ ಒಣಗುತ್ತಿರುತ್ತವೆ. ಗಂಟೆ ಬಾರಿಸುವುದು ಯಾವಾಗಲೋ ಒಮ್ಮೆ. ಗಂಟೆ ಬಾರಿಸಿದ ಮೇಲೆ ಅವರು ಏನು ಮಾಡುತ್ತಾರೆ ಎಂಬುದು ಮಾರನೆಯ ದಿನ ಪತ್ರಿಕೆಯಲ್ಲಿ ಬರುತ್ತದೆ. ಬಾರಿಸದ ದಿನಗಳಲ್ಲಿ ಏನು ಮಾಡುತ್ತಾರೆ, ಅದಕ್ಕಿಂತ ಮುಖ್ಯವಾಗಿ ಅವರ ನಾಯಕನಾದವನು ಏನು ಮಾಡಬೇಕು ಎಂಬುದು ಎಲ್ಲಿಯೂ ಬರುವುದಿಲ್ಲ. ನನಗೆ ಅದು ಸ್ವಲ್ಪ ತಿಳಿದದ್ದು ಒಬ್ಬ ಹಳೆಯ ಶಿಷ್ಯನಿಂದ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಬೇರೊಂದು ಊರಿನಲ್ಲಿ ನನ್ನ ಬಳಿ ವಿಜ್ಞಾನ ಕಲಿತ ಹುಡುಗ ಅವನು. ಬಿಎಸ್ಸಿ ಮುಗಿಸಿ ಇಲಾಖೆ ಸೇರಿ, ಒಂದೆರಡು ಕಡೆ ಸುತ್ತಾಡಿ, 2016ರಲ್ಲಿ ನಮ್ಮ ತಾಲ್ಲೂಕಿಗೇ ಠಾಣಾಧಿಕಾರಿಯಾಗಿ ಬಂದ. ಬಂದ ವಾರದಲ್ಲೇ ಮನೆ ಹುಡುಕಿಕೊಂಡು ಬಂದು, ‘ಸಾರ್, ಗುಂಡು-ಬಳೆ ಪ್ರಯೋಗ ಇನ್ನೂ ಮಾಡಿಸ್ತೀರಾ?’ ಎಂದು ಕೇಳಿದ. ಕಾಯಿಸಿದ ಲೋಹದ ಗುಂಡು ಬಳೆಯೊಳಗೆ ತೂರದೆ ನಿಲ್ಲುತ್ತದಲ್ಲ, ಆ ಪ್ರಯೋಗ. ಮಾಡಿಸುತ್ತೇನೆ ಎಂದೆ. ‘ಬಿಡಬೇಡಿ ಸಾರ್, ಅದು ನಮಗೆ ಬಹಳ ಬೇಕಾದ ಪಾಠ’ ಎಂದ. ಅವನು ಹೇಳಿದ್ದರ ಅರ್ಥ ನನಗೆ ಮೂರು ವರ್ಷದ ನಂತರ ಆಯಿತು.

ಅಂದಿನಿಂದ ಸಂಜೆ ವಾಯುವಿಹಾರದ ನೆಪದಲ್ಲಿ ಠಾಣೆಯ ಕಡೆ ಹೋಗುವುದು ನನಗೆ ರೂಢಿಯಾಯಿತು. ದಿನಚರಿ ಸರಳ. ಬೆಳಿಗ್ಗೆ ಹಾಜರಿ, ಕವಾಯತು. ಆಮೇಲೆ ಗಾಡಿಯ ಎಂಜಿನ್ ಚಾಲೂ ಮಾಡಿ ಪಂಪು ನೀರು ಎಳೆಯುತ್ತದೆಯೇ ಎಂದು ನೋಡುವುದು. ಟ್ಯಾಂಕ್ ತುಂಬಿದೆಯೇ, ಏಣಿ ಸರಿಯಾಗಿ ಜಾರುತ್ತದೆಯೇ, ಪೈಪಿನ ಜೋಡಣೆಗಳಲ್ಲಿ ವಾಷರ್ ಇದೆಯೇ ಎಂದು ಪರೀಕ್ಷಿಸುವುದು. ಇದನ್ನೆಲ್ಲ ವರ್ಷಕ್ಕೆ 365 ದಿನ ಮಾಡಬೇಕು. ಒಂದು ಚಿಕ್ಕ ರಬ್ಬರ್ ಉಂಗುರ ಒಡೆದಿದ್ದರೆ, ಆ ದಿನವೇ ಕರೆ ಬಂದರೆ, ನೀರು ಬೆಂಕಿಗೆ ಬೀಳುವ ಬದಲು ರಸ್ತೆಗೆ ಹರಿಯುತ್ತದೆ. ಕರೆ ಎಂದರೆ ಬೆಂಕಿಯೇ ಆಗಬೇಕಿಲ್ಲ. ಬಾವಿಗೆ ಬಿದ್ದ ಹಸು, ಕೆರೆಯಲ್ಲಿ ಈಜಲು ಹೋಗಿ ಮುಳುಗಿದ ಹುಡುಗ, ರಸ್ತೆಗೆ ಅಡ್ಡ ಉರುಳಿದ ಮರ, ಅಪ್ಪಚ್ಚಿಯಾದ ಕಾರಿನೊಳಗೆ ಸಿಕ್ಕಿಕೊಂಡ ಡ್ರೈವರ್, ಎಲ್ಲವೂ ಅವರಿಗೇ. ಶಿವರಾತ್ರಿಯಿಂದ ಯುಗಾದಿಯ ಆಚೆಯವರೆಗೆ ಹುಲ್ಲಿನ ಬಣವೆಗಳ ಕಾಲ. ಮಳೆ ಹಿಡಿದರೆ ವಾರಗಟ್ಟಲೆ ಮೌನ.

‘ಬೆಂಕಿಗಿಂತ ಈ ಮೌನ ಕಷ್ಟ ಸಾರ್’ ಎಂದು ಒಮ್ಮೆ ಹೇಳಿದ. ‘ಬೆಂಕಿ ಎದುರಿಗಿದ್ದಾಗ ಯಾರಿಗೂ ಏನೂ ಹೇಳಬೇಕಾಗಿಲ್ಲ. ಎಲ್ಲರೂ ಚುರುಕು. ಎರಡು ವಾರ ಏನೂ ಆಗಲಿಲ್ಲ ಅಂದ್ಕೊಳ್ಳಿ, ಪಂಪು ನೋಡದೇ ನೋಡಿದ್ದೀನಿ ಅಂತ ರಿಜಿಸ್ಟರಿನಲ್ಲಿ ಬರೆಯೋ ಆಸೆ ಬರುತ್ತೆ. ಮೊದಲು ಆ ಆಸೆ ನನಗೇ ಬರುತ್ತೆ. ನನಗೆ ಬಂತು ಅಂದರೆ ಹುಡುಗರಿಗೆ ಬಂದೇ ಬರುತ್ತೆ.’

ಈ ಮಾತು ನನ್ನನ್ನು ಯೋಚನೆಗೆ ಹಚ್ಚಿತು. ಉತ್ಸಾಹ ಉಳಿಸಿಕೊಳ್ಳುವುದು ಎಂದರೆ ನಾವು ಏನೋ ದೊಡ್ಡ ಭಾಷಣ, ಪದಕ, ಸನ್ಮಾನ ಎಂದುಕೊಳ್ಳುತ್ತೇವೆ. ಅವನಿಗೆ ಅದು ಬೆಳಿಗ್ಗೆ ಏಳೂವರೆಗೆ ವಾಷರ್ ಮುಟ್ಟಿ ನೋಡುವ ಪ್ರಶ್ನೆಯಾಗಿತ್ತು.

*

ಈ ಮೌನದ ಸಮಸ್ಯೆ ಹೊಸತಲ್ಲ. ಇದಕ್ಕೆ ಉತ್ತರ ಹುಡುಕಿದ ಮೊದಲಿಗರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಬ್ರೇಡ್‌ವುಡ್ ಒಬ್ಬ. ಎಡಿನ್‌ಬರೋ ನಗರ 1824ರಲ್ಲಿ ತನ್ನದೇ ಅಗ್ನಿಶಾಮಕ ದಳ ಕಟ್ಟಿದಾಗ ಅದರ ಮುಖ್ಯಸ್ಥನಾದವನು ಈತ. ಆಗ ವಯಸ್ಸು 24. ಕಟ್ಟಡ ಕಟ್ಟಿಸುವ ಮನೆತನದವನು. ಹಾಗಾಗಿ ಗೋಡೆ, ತೊಲೆ, ಚಾವಣಿಗಳ ಗುಣ ಬಲ್ಲವನು. ತನ್ನ ದಳಕ್ಕೂ ಅವನು ಬಡಗಿ, ಕಲ್ಲುಕುಟಿಗ, ಚಾವಣಿ ಹೊದಿಸುವವರಂಥ ಕಸುಬುದಾರರನ್ನೇ ಆರಿಸಿದ. ಕಟ್ಟಡ ಹೇಗೆ ನಿಂತಿದೆ ಎಂದು ಗೊತ್ತಿದ್ದವನಿಗೆ ಅದು ಹೇಗೆ ಬೀಳುತ್ತದೆ ಎಂಬುದೂ ಗೊತ್ತಿರುತ್ತದೆ ಎಂಬುದು ಅವನ ಲೆಕ್ಕ. ಅವರನ್ನು ನಸುಕಿನಲ್ಲಿ, ಊರು ಮಲಗಿರುವಾಗ ಕರೆದು ಅಭ್ಯಾಸ ಮಾಡಿಸುತ್ತಿದ್ದ. ಬೆಂಕಿಯೇನು ಹಗಲು ನೋಡಿಕೊಂಡು ಬರುತ್ತದೆಯೇ?

ದಳ ಕಟ್ಟಿದ ಕೆಲವೇ ವಾರಗಳಲ್ಲಿ, ಅದೇ ವರ್ಷದ ನವೆಂಬರಿನಲ್ಲಿ, ಎಡಿನ್‌ಬರೋದ ಹಳೆಯ ಪೇಟೆಗೆ ಬೆಂಕಿ ಬಿದ್ದು ದಿನಗಟ್ಟಲೆ ಉರಿಯಿತು. ಸ್ಥಳಕ್ಕೆ ನಗರದ ದೊಡ್ಡ ಮನುಷ್ಯರೆಲ್ಲ ಬಂದರು. ಬಂದವರೆಲ್ಲ ಒಂದೊಂದು ಅಪ್ಪಣೆ ಕೊಟ್ಟರು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಕೆಡಿಸಿದರು. ಬೆಂಕಿ ಆರಿದ ಮೇಲೆ ಆ ನಗರ ಕಲಿತ ಪಾಠ ಒಂದೇ: ಬೆಂಕಿಯ ಸ್ಥಳದಲ್ಲಿ ಅಪ್ಪಣೆ ಕೊಡುವ ಬಾಯಿ ಒಂದೇ ಇರಬೇಕು, ಅದು ದಳದ ಮುಖ್ಯಸ್ಥನದಾಗಿರಬೇಕು.

ಬ್ರೇಡ್‌ವುಡ್ 1833ರಲ್ಲಿ ಲಂಡನ್ನಿಗೆ ಹೋದ. ಅಲ್ಲಿ ವಿಮಾ ಕಂಪನಿಗಳು ಸೇರಿ ಕಟ್ಟಿದ ಅಗ್ನಿಶಾಮಕ ದಳವನ್ನು 28 ವರ್ಷ ನಡೆಸಿದ. ಯಾರೂ ಒಂಟಿಯಾಗಿ ಉರಿಯುವ ಕಟ್ಟಡದೊಳಗೆ ಹೋಗಬಾರದು, ದೂರ ನಿಂತು ಹೊಗೆಗೆ ನೀರು ಚೆಲ್ಲದೆ ಬೆಂಕಿಯ ಬುಡಕ್ಕೆ ಹೊಡೆಯಬೇಕು ಎಂಬುದು ಅವನ ಪಾಠ. 1861ರ ಜೂನ್ 22ರಂದು ಥೇಮ್ಸ್ ನದಿ ದಂಡೆಯ ಟೂಲಿ ಸ್ಟ್ರೀಟಿನ ಗೋದಾಮುಗಳಿಗೆ ಬೆಂಕಿ ಬಿತ್ತು. ಸೆಣಬು, ಹತ್ತಿ, ಸಕ್ಕರೆ, ಕೊಬ್ಬು ತುಂಬಿದ ಗೋದಾಮುಗಳು. ಅರವತ್ತು ದಾಟಿದ್ದ ಬ್ರೇಡ್‌ವುಡ್ ದಣಿದ ತನ್ನವರನ್ನು ವಿಚಾರಿಸಿಕೊಳ್ಳುತ್ತಾ ನಡೆಯುತ್ತಿದ್ದಾಗ ಗೋಡೆಯೊಂದು ಕುಸಿದು ಅವನ ಮೇಲೆ ಬಿತ್ತು. ಅಲ್ಲೇ ಸತ್ತ. ಆ ಬೆಂಕಿ ಪೂರ್ತಿ ಆರಲು ಎರಡು ವಾರ ಹಿಡಿಯಿತು. ಗೋಡೆಗಳನ್ನು ಅಷ್ಟು ಬಲ್ಲವನೂ ಗೋಡೆಗೇ ಬಲಿಯಾದ.

ಮೂವತ್ತೇಳು ವರ್ಷ ಒಂದೇ ಕೆಲಸದಲ್ಲಿ ಬೇಸರವಿಲ್ಲದೆ ಇರುವುದು ಹೇಗೆ? ಬ್ರೇಡ್‌ವುಡ್ ಪ್ರತಿ ಬೆಂಕಿಯನ್ನೂ ಹೊಸ ಪಾಠದ ಹಾಗೆ ನೋಡಿದ್ದೇ ಕಾರಣವಿರಬೇಕು ಎಂದು ನನಗನ್ನಿಸುತ್ತದೆ. ಅಗ್ನಿಶಾಮಕ ಯಂತ್ರಗಳ ಬಗ್ಗೆ, ದಳದ ತರಬೇತಿಯ ಬಗ್ಗೆ ಅವನು 1830ರಷ್ಟು ಹಿಂದೆಯೇ ಪುಸ್ತಕ ಬರೆದ. ಬರೆಯುವವನಿಗೆ ನೋಡುವ ಕಣ್ಣು ತೆರೆದೇ ಇರಬೇಕಾಗುತ್ತದೆ.

*

ನನ್ನ ಶಿಷ್ಯನಿಗೂ ಬರೆಯುವ ಚಟವಿತ್ತು. ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ಇಟ್ಟುಕೊಂಡಿದ್ದ. ಮೌನದ ದಿನಗಳಲ್ಲಿ ಇಬ್ಬರು ಹುಡುಗರನ್ನು ಜೊತೆಗೆ ಹಾಕಿಕೊಂಡು ತಾಲ್ಲೂಕು ಸುತ್ತುತ್ತಿದ್ದ. ಯಾವ ಹಳ್ಳಿಯ ಯಾವ ಬಾವಿಯಲ್ಲಿ ಬೇಸಿಗೆಯಲ್ಲೂ ನೀರಿರುತ್ತದೆ, ಯಾವ ಕೆರೆಯ ಏರಿಯ ಮೇಲೆ ಗಾಡಿ ನಿಲ್ಲಿಸಬಹುದು, ಯಾವ ಓಣಿಗೆ ಗಾಡಿ ನುಗ್ಗುವುದಿಲ್ಲ, ಯಾವ ಟ್ರಾನ್ಸ್‌ಫಾರ್ಮರಿನಿಂದ ಯಾವ ಗಿರಣಿಗೆ ಕರೆಂಟು ಹೋಗುತ್ತದೆ ಎಂದೆಲ್ಲ ಅದರಲ್ಲಿ ಇರುತ್ತಿತ್ತು. ಗೋದಾಮುಗಳ ಪುಟಗಳಲ್ಲಿ ಬಾಗಿಲೆಷ್ಟು, ಚಾವಣಿ ಯಾವುದರದು, ಗೋಡೆ ಯಾವುದರದು ಎಂದು ನಕ್ಷೆ ಸಮೇತ ಬರೆದಿದ್ದ. ಪೇಟೆಯವರು ಇದನ್ನು ನೋಡಿ, ‘ಸಾಹೇಬರಿಗೆ ಕೆಲಸ ಇಲ್ಲ ಪಾಪ’ ಎಂದು ನಗುತ್ತಿದ್ದರು.

2019ರ ಮಾರ್ಚ್‌ನಲ್ಲಿ ಒಂದು ರಾತ್ರಿ ಊರಾಚೆಯ ತೆಂಗಿನ ನಾರಿನ ಗೋದಾಮಿಗೆ ಬೆಂಕಿ ಬಿತ್ತು. ನಾರಿನ ಬೆಂಕಿ ಕೆಟ್ಟದ್ದು. ಹೊರಗೆ ಜ್ವಾಲೆ ಆರಿದಂತೆ ಕಂಡರೂ ಒಳಗೆ ಬೂದಿ ಮುಚ್ಚಿದ ಕೆಂಡದ ಹಾಗೆ ತಿನ್ನುತ್ತಲೇ ಇರುತ್ತದೆ. ನೀರು ಮೇಲಿನಿಂದ ಜಾರಿಹೋಗುತ್ತದೆ. ಊರಿಗೆ ಊರೇ ಅಲ್ಲಿ ನೆರೆದಿತ್ತು. ನಾನೂ ಇದ್ದೆ. ಮಾಲೀಕರ ಕಡೆಯವರು, ಊರಿನ ಮುಖಂಡರು, ಯಾರ್ಯಾರೋ ಕೂಗುತ್ತಿದ್ದರು: ಉತ್ತರದ ಬಾಗಿಲಿನಿಂದ ನುಗ್ಗಿ, ಅಲ್ಲಿ ಹೊಸ ಯಂತ್ರವಿದೆ, ಅದನ್ನಾದರೂ ಎಳೆದು ತನ್ನಿ. ದಳದ ಕಿರಿಯ ಹುಡುಗನೊಬ್ಬ, ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ, ಆ ಕೂಗಿಗೆ ಮರುಳಾಗಿ ಉತ್ತರದ ಕಡೆ ಓಡಿದ. ಠಾಣಾಧಿಕಾರಿ ಅವನ ತೋಳು ಹಿಡಿದು ನಿಲ್ಲಿಸಿದ. ಆ ಗೋಡೆಯಿಂದ, ಅದರ ಎತ್ತರದ ಒಂದೂವರೆಯಷ್ಟು ದೂರಕ್ಕೆ ಎಲ್ಲರನ್ನೂ ಸರಿಸಿದ. ಉಳಿದ ಮೂರು ಕಡೆಯಿಂದ ಮಾತ್ರ ನೀರು ಹೊಡೆಸಿದ. ಪಕ್ಕದ ಕೊಬ್ಬರಿ ಗೋದಾಮು ಉಳಿಯಿತು. ಯಂತ್ರ ಸುಟ್ಟುಹೋಯಿತು.

ಅವನು ಹಾಗೆ ಮಾಡಲು ಕಾರಣ ಲೆಕ್ಕದ ಪುಸ್ತಕದಲ್ಲಿತ್ತು. ಆ ಗೋಡೆ ಮಣ್ಣಿನ ಗಾರೆಯಲ್ಲಿ ಕಟ್ಟಿದ ಹಳೆಯ ಕಲ್ಲುಗೋಡೆ. ಅದಕ್ಕೆ ಚಾವಣಿಯ ಉಕ್ಕಿನ ತೊಲೆಗಳ ತುದಿ ಊರಿತ್ತು. ಗುಂಡು-ಬಳೆಯ ಪ್ರಯೋಗವನ್ನು ಇಲ್ಲಿ ನೆನಪಿಸಿಕೊಳ್ಳಿ. ಹತ್ತು ಮೀಟರ್ ಉದ್ದದ ಉಕ್ಕಿನ ತೊಲೆ 500 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯೇರಿದರೆ ಸುಮಾರು 6 ಸೆಂಟಿಮೀಟರ್ ಉದ್ದವಾಗುತ್ತದೆ. ಆ 6 ಸೆಂಟಿಮೀಟರಿಗೆ ಜಾಗ ಎಲ್ಲಿದೆ? ತೊಲೆ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಇನ್ನೂ ಬಿಸಿಯಾದರೆ ಉಕ್ಕು ತನ್ನ ಬಲ ಕಳೆದುಕೊಂಡು ಬಾಗುತ್ತದೆ, ಆಗ ಗೋಡೆಯನ್ನು ಒಳಕ್ಕೆ ಎಳೆಯುತ್ತದೆ. ಮಣ್ಣಿನ ಗಾರೆ ಇದನ್ನು ಎಷ್ಟು ಹೊತ್ತು ತಾಳೀತು?

ಗೋಡೆ ಆ ರಾತ್ರಿ ಬೀಳಲಿಲ್ಲ. ಬಿದ್ದಿದ್ದರೆ ಅವನು ಊರಿಗೆ ವೀರನಾಗುತ್ತಿದ್ದ. ಬೀಳದ್ದರಿಂದ ಹೇಡಿಯಾದ. ಮಾರನೆಯ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ, ಸುತ್ತ ಯಾರೂ ಇಲ್ಲದಾಗ, ಬೂದಿಯ ಮೇಲೆ ಅದು ಒಂದೇ ಸಲಕ್ಕೆ ಕುಸಿಯಿತು. ಅಷ್ಟು ಹೊತ್ತಿಗೆ ‘ಅಧಿಕಾರಿ ಕೈಕಟ್ಟಿ ನಿಂತಿದ್ದ’ ಎಂಬ ದೂರು ಹೋಗಿಯಾಗಿತ್ತು. ವಿವರಣೆ ಕೇಳಿ ಪತ್ರವೂ ಬಂತು. ಕುಸಿದ ಗೋಡೆ ಯಾರ ಮೇಲೂ ಬೀಳದಿದ್ದುದಕ್ಕೆ ಸಾಕ್ಷಿ ಯಾರು ಹೇಳುತ್ತಾರೆ?

ಆ ವಾರ ಅವನು ನಮ್ಮ ಮನೆಗೆ ಬಂದು ಬಹಳ ಹೊತ್ತು ಸುಮ್ಮನೆ ಕೂತಿದ್ದ. ನನ್ನ ಹೆಂಡತಿ ಕೊಟ್ಟ ಕಾಫಿ ಆರಿಹೋಯಿತು. ಕಡೆಗೆ, ‘ಸಾರ್, ಬೆಂಗಳೂರಿಗೆ ಕಚೇರಿ ಕೆಲಸಕ್ಕೆ ವರ್ಗ ಕೇಳಿ ಅರ್ಜಿ ಬರೆದಿದ್ದೀನಿ’ ಎಂದ. ‘ಕಡತ ನೋಡ್ಕೊಂಡು ಇರ್ತೀನಿ. ಅಲ್ಲಿ ಯಾರ ಮೇಲೂ ಗೋಡೆ ಬೀಳೋದಿಲ್ಲ.’ ಅರ್ಜಿ ಅವನ ಜೇಬಿನಲ್ಲೇ ಇತ್ತು.

*

ನಾನು ಅವನಿಗೆ ಉಪದೇಶ ಮಾಡಲಿಲ್ಲ. ಪಾಠ ಹೇಳುವುದು ಮಾತ್ರ ನನಗೆ ಗೊತ್ತು. ಅದರಿಂದ ಅವನಿಗೆ ಗೊತ್ತಿದ್ದ ಕಥೆಯನ್ನೇ ಅವನಿಂದ ಹೇಳಿಸಿದೆ. ಪ್ರತಿ ವರ್ಷ ಏಪ್ರಿಲ್ 14ರಂದು ಅವನು ನಮ್ಮ ಶಾಲೆಯ ಮಕ್ಕಳಿಗೆ ಹೇಳುತ್ತಿದ್ದ ಕಥೆ ಅದು.

1944ರ ಏಪ್ರಿಲ್ 14. ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟೈಕೀನ್ ಎಂಬ ಹಡಗು ನಿಂತಿತ್ತು. ಮಹಾಯುದ್ಧದ ಕಾಲ. ಹಡಗಿನಲ್ಲಿ ಸುಮಾರು 1,400 ಟನ್ ಸ್ಫೋಟಕಗಳು, ಸಾವಿರಾರು ಹತ್ತಿಯ ಬೇಲುಗಳು, ಎಣ್ಣೆಯ ಪೀಪಾಯಿಗಳು, ಬಂಗಾರದ ಗಟ್ಟಿಗಳು. ಹೊತ್ತುಕೊಂಡರೆ ಆರದ ಹತ್ತಿಯನ್ನೂ ಹೊತ್ತಿಕೊಳ್ಳಲೇಬಾರದ ಸ್ಫೋಟಕವನ್ನೂ ಒಂದೇ ಒಡಲಿಗೆ ತುಂಬಿದ್ದರು. ಮಧ್ಯಾಹ್ನ ಎರಡರ ಸುಮಾರಿಗೆ ಹೊಗೆ ಕಂಡಿತು. ಅಗ್ನಿಶಾಮಕ ದಳ ಬಂದು ಹತ್ತಾರು ಪೈಪುಗಳಿಂದ ನೀರು ಸುರಿಯಿತು. ಬೆಂಕಿಯ ಮೂಲ ಎಲ್ಲಿದೆ ಎಂದು ಸಿಗಲೇ ಇಲ್ಲ. ದಡದ ಮೇಲೆ ಹಡಗಿನ ಕಪ್ತಾನ, ಬಂದರಿನ ಅಧಿಕಾರಿ, ಸೇನೆಯ ಸ್ಫೋಟಕ ತಜ್ಞ, ಅಗ್ನಿಶಾಮಕ ದಳದ ಮುಖ್ಯಸ್ಥ ಎಲ್ಲರೂ ಇದ್ದರು. ಹಡಗನ್ನು ಮುಳುಗಿಸಬೇಕೆಂದು ಒಬ್ಬರು, ನೀರು ಹೊಡೆಯುತ್ತಲೇ ಇರಬೇಕೆಂದು ಇನ್ನೊಬ್ಬರು. ಎಲ್ಲರ ಮೇಲೆ ನಿಂತು ಇದೇ ಸರಿ ಎಂದು ತೀರ್ಮಾನಿಸುವ ಒಬ್ಬನಿರಲಿಲ್ಲ. ಎರಡು ಗಂಟೆ ಹೀಗೇ ಕಳೆಯಿತು. ನಾಲ್ಕು ಗಂಟೆ ಆರು ನಿಮಿಷಕ್ಕೆ ಹಡಗು ಸಿಡಿಯಿತು. ಅರ್ಧ ಗಂಟೆಯೊಳಗೆ ಇನ್ನೊಂದು, ಮತ್ತೂ ದೊಡ್ಡ ಸ್ಫೋಟ. ಸಾವಿರದ ಏಳುನೂರು ಕಿಲೋಮೀಟರ್ ದೂರದ ಸಿಮ್ಲಾದ ಭೂಕಂಪ ಮಾಪಕದಲ್ಲೂ ಆ ಅದುರು ದಾಖಲಾಯಿತು. ಸತ್ತವರು ನೂರಾರು. ಅವರಲ್ಲಿ 66 ಮಂದಿ ಅಗ್ನಿಶಾಮಕರು. ಅವರ ನೆನಪಿಗೇ ದೇಶದಲ್ಲಿ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ.

ಎಡಿನ್‌ಬರೋದ 1824ರ ಪಾಠವನ್ನು ಮುಂಬಯಿ 1944ರಲ್ಲಿ ಮತ್ತೆ ಓದಬೇಕಾಯಿತು. ನಮ್ಮ ರಾಜ್ಯದ 1964ರ ಅಗ್ನಿಶಾಮಕ ಕಾಯಿದೆ ಸ್ಥಳದಲ್ಲಿ ಹೊಣೆ ಹೊತ್ತ ಅಧಿಕಾರಿಗೆ ದೊಡ್ಡ ಅಧಿಕಾರ ಕೊಟ್ಟಿದೆ. ಕೆಲಸಕ್ಕೆ ಅಡ್ಡಿಯಾದವರನ್ನು ಸರಿಸಬಹುದು, ರಸ್ತೆ ಮುಚ್ಚಬಹುದು, ಬೇಕಾದರೆ ಕಟ್ಟಡ ಒಡೆದು ದಾರಿ ಮಾಡಬಹುದು. ಆದರೆ ಕಾಯಿದೆ ಕೊಟ್ಟ ಅಧಿಕಾರವನ್ನು ನಡುರಾತ್ರಿ, ಸಾವಿರ ಜನರ ಕೂಗಿನ ನಡುವೆ ಎತ್ತಿ ಹಿಡಿಯಬೇಕಾದದ್ದು ಒಬ್ಬ ಮನುಷ್ಯನ ಗಂಟಲು. ‘ಅವತ್ತು ಡಾಕ್‌ನಲ್ಲಿ ಒಬ್ಬ ಬೇಕಾಗಿತ್ತು ಅಂತ ಮಕ್ಕಳಿಗೆ ಹೇಳ್ತೀಯಲ್ಲಪ್ಪಾ, ಅವನು ಯಾವ ಕಚೇರಿಯಲ್ಲಿ ಕೂತಿದ್ದ?’ ಎಂದು ಮಾತ್ರ ಕೇಳಿದೆ. ಅವನು ನಕ್ಕ. ನಗು ಪೂರ್ತಿ ಬರಲಿಲ್ಲ.

‘ನನ್ನ ಚಿಂತೆ ದೂರಿನದಲ್ಲ ಸಾರ್’ ಎಂದ ಆಮೇಲೆ. ‘ಆ ಹುಡುಗ ಓಡಿದನಲ್ಲ, ನಾನು ಹೇಳದೇ ಓಡಿದ. ಊರವರ ಮಾತು ಅವನಿಗೆ ಕೇಳಿಸ್ತು, ನನ್ನ ಮಾತು ಕೇಳಿಸಲಿಲ್ಲ. ಕೈಗೆ ಸಿಗದೇ ಇದ್ದಿದ್ದರೆ?’

ಅವನ ನಿಜವಾದ ಗಾಯ ಅದಾಗಿತ್ತು. ಅದಕ್ಕೆ ನನಗೆ ನೆನಪಾದದ್ದು ಇನ್ನೊಂದು ಕಥೆ. ಅದು ಅಮೆರಿಕದ್ದು.

*

ಮೊಂಟಾನಾ ರಾಜ್ಯದಲ್ಲಿ ಮಿಸೌರಿ ನದಿಯ ಬಳಿ ಮ್ಯಾನ್ ಗಲ್ಚ್ ಎಂಬ ಕಡಿದಾದ ಕಣಿವೆಯಿದೆ. 1949ರ ಆಗಸ್ಟ್ 5ರಂದು ಅಲ್ಲಿ ಕಾಡ್ಗಿಚ್ಚು ಹಬ್ಬಿತ್ತು. ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಹಾರಿ ಬೆಂಕಿ ಆರಿಸುವ 15 ಮಂದಿಯ ತಂಡ ಇಳಿಯಿತು. ಕೆಳಗಿದ್ದ ಕಾವಲುಗಾರನೊಬ್ಬ ಸೇರಿ 16 ಆದರು. ಬಹುತೇಕ ಎಲ್ಲರೂ ಎಳೆಯರು. ನಾಯಕ ವ್ಯಾಗ್ ಡಾಜ್, 33 ವರ್ಷದವನು. ಅನುಭವಸ್ಥ, ಮಾತು ಕಡಿಮೆ. ಇವರೆಲ್ಲ ಮೊದಲು ಒಂದು ತಂಡವಾಗಿ ಜೊತೆಯಲ್ಲಿ ದುಡಿದವರಲ್ಲ.

ನದಿಯ ಕಡೆ ಇಳಿಯುತ್ತಿದ್ದಾಗ ಬೆಂಕಿ ಕಣಿವೆ ದಾಟಿ ಎದುರಿಗೇ ಬಂತು. ತಿರುಗಿ ಗುಡ್ಡ ಹತ್ತಿ ಓಡಬೇಕಾಯಿತು. ಇಳಿಜಾರಿನಲ್ಲಿ ಬೆಂಕಿ ಮೇಲ್ಮುಖವಾಗಿ ಹೋಗುವ ವೇಗ ನೋಡಿದವರಿಗೇ ಗೊತ್ತು. ಜ್ವಾಲೆ ಗುಡ್ಡದ ಮೈಗೆ ಒರಗಿ ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿ ಒಣಗಿಸಿಬಿಡುತ್ತದೆ. ಭಾರದ ಸಲಕರಣೆ ಎಸೆದುಬಿಡಿ ಎಂದು ಡಾಜ್ ಕೂಗಿದ. ಬೆಂಕಿ ಹಿಂದೆಯೇ ಬಂದಾಗ ಅವನು ನಿಂತು, ಕಡ್ಡಿ ಗೀರಿ, ತನ್ನ ಮುಂದಿನ ಹುಲ್ಲಿಗೆ ತಾನೇ ಬೆಂಕಿ ಹಚ್ಚಿದ! ಅದು ಉರಿದು ಬೂದಿಯಾದ ಜಾಗಕ್ಕೆ ಬನ್ನಿ ಎಂದು ಎಲ್ಲರನ್ನೂ ಕರೆದ. ಯಾರೂ ಹೋಗಲಿಲ್ಲ. ಹುಚ್ಚು ಹಿಡಿದವನಂತೆ ಕಂಡಿರಬೇಕು. ಓಡಿದರು. ಡಾಜ್ ಒದ್ದೆ ಕರವಸ್ತ್ರ ಮುಖಕ್ಕೆ ಹಿಡಿದು ಬೂದಿಯಲ್ಲಿ ಬೋರಲು ಮಲಗಿದ. ದೊಡ್ಡ ಬೆಂಕಿ ಅವನ ಸುತ್ತ ಸುಳಿದು ಮುಂದೆ ಹೋಯಿತು. ಅವನೂ, ಬಂಡೆಯ ಬಿರುಕಿನಲ್ಲಿ ನುಸುಳಿ ದಿಬ್ಬದ ಆಚೆ ಸೇರಿದ ಇಬ್ಬರು ಹುಡುಗರೂ ಉಳಿದರು. ಹದಿಮೂರು ಮಂದಿ ಸತ್ತರು. ಸಾಹಿತ್ಯದ ಪ್ರಾಧ್ಯಾಪಕನಾಗಿದ್ದ ನಾರ್ಮನ್ ಮೆಕ್ಲೀನ್ ತನ್ನ ಮುಪ್ಪಿನ ವರ್ಷಗಳನ್ನೆಲ್ಲ ಇದರ ಹಿಂದೆ ಕಳೆದು ಬರೆದ ಪುಸ್ತಕ, ಅವನು ಸತ್ತ ಮೇಲೆ, 1992ರಲ್ಲಿ ಪ್ರಕಟವಾಯಿತು.

ವಿಜ್ಞಾನದ ದೃಷ್ಟಿಯಿಂದ ಡಾಜ್ ಮಾಡಿದ್ದು ಎಂಟನೇ ತರಗತಿಯ ಪಾಠ. ಉರುವಲು, ಗಾಳಿ, ಶಾಖ ಮೂರೂ ಕೂಡಿದರೆ ಬೆಂಕಿ. ಒಂದನ್ನು ತೆಗೆದರೆ ಬೆಂಕಿಯಿಲ್ಲ. ನೀರು ಶಾಖವನ್ನು ಕಸಿಯುತ್ತದೆ. ಒಂದು ಲೀಟರ್ ನೀರು ಆವಿಯಾದರೆ ಸುಮಾರು 1,700 ಲೀಟರ್ ಜಾಗ ತುಂಬುವುದರಿಂದ ಗಾಳಿಯನ್ನೂ ದೂಡುತ್ತದೆ. ಕಂಬಳಿ ಹೊದಿಸಿದರೆ ಗಾಳಿ ತಪ್ಪುತ್ತದೆ. ಡಾಜ್ ತಪ್ಪಿಸಿದ್ದು ಉರುವಲನ್ನು. ಒಮ್ಮೆ ಸುಟ್ಟ ಹುಲ್ಲು ಮತ್ತೆ ಸುಡುವುದಿಲ್ಲ. ಅವನ ವಿಜ್ಞಾನ ಸರಿಯಾಗಿತ್ತು, ಅಪ್ಪಣೆ ಸರಿಯಾಗಿತ್ತು, ಸಮಯವೂ ಸರಿಯಾಗಿತ್ತು. ಆದರೂ ಯಾರೂ ಕೇಳಲಿಲ್ಲ. ಬೆಂಕಿ ಬೆನ್ನ ಹಿಂದಿದ್ದಾಗ ವಿವರಿಸಲು ಸಮಯವಿರುವುದಿಲ್ಲ. ಆಗ ನಡೆಯುವುದು ಮೊದಲೇ ಗಳಿಸಿಟ್ಟ ನಂಬಿಕೆಯೊಂದೇ.

ಈ ಕಥೆ ಕೇಳಿ ಅವನು ಬಹಳ ಹೊತ್ತು ಮಾತಾಡಲಿಲ್ಲ. ಹೋಗುವಾಗ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ, ‘ನಂಬಿಕೆಗೆ ರಿಜಿಸ್ಟರ್ ಇಲ್ಲ ಅಲ್ವಾ ಸಾರ್’ ಎಂದ.

*

ಆ ಮೇಲಿನ ದಿನಗಳಲ್ಲಿ ಠಾಣೆಯಲ್ಲಿ ಕೆಲವು ಬದಲಾವಣೆ ಕಂಡೆ. ದೊಡ್ಡವೇನಲ್ಲ. ಪ್ರತಿ ಕರೆ ಮುಗಿಸಿ ಬಂದ ಮೇಲೆ, ಅದು ಬಾವಿಗೆ ಬಿದ್ದ ಹಸುವೇ ಆಗಿರಲಿ, ಪೈಪು ತೊಳೆದು ಹಾಕಿ ಎಲ್ಲರೂ ಬೇವಿನ ಮರದ ಕೆಳಗೆ ಕಾಲು ಗಂಟೆ ಕೂರುತ್ತಿದ್ದರು. ಮೊದಲ ಮಾತು ಎಲ್ಲರಿಗಿಂತ ಕಿರಿಯನದು. ಏನು ಕಂಡೆ, ಏನು ಅರ್ಥವಾಗಲಿಲ್ಲ ಎಂದು ಅವನು ಹೇಳಬೇಕು. ಕೊನೆಯ ಮಾತು ಅಧಿಕಾರಿಯದು. ಹಿರಿಯರು ಮೊದಲು ಮಾತಾಡಿದರೆ ಕಿರಿಯರು ಅದಕ್ಕೇ ಹೂಂಗುಟ್ಟುತ್ತಾರೆ ಎಂಬುದು ತರಗತಿಯಲ್ಲಿ ನಿಂತ ಎಲ್ಲ ಮೇಷ್ಟ್ರಿಗೂ ಗೊತ್ತು. ಗೋದಾಮಿನ ಗೋಡೆಯ ಲೆಕ್ಕವನ್ನೂ ಅವನು ಹೀಗೇ ಒಂದು ದಿನ ನೆಲದ ಮೇಲೆ ಕಡ್ಡಿಯಲ್ಲಿ ಗೀಚಿ ವಿವರಿಸಿದ. ಓಡಿದ್ದ ಹುಡುಗನೇ ಗುಣಾಕಾರ ಮಾಡಿದ.

ಮುಳುಗಿದ ಮಕ್ಕಳನ್ನು ಕೆರೆಯಿಂದ ತೆಗೆದ ದಿನ ಪಾಠವಿರುತ್ತಿರಲಿಲ್ಲ. ಅಂದು ಯಾರನ್ನೂ ಒಬ್ಬೊಬ್ಬರಾಗಿ ಮನೆಗೆ ಕಳಿಸುತ್ತಿರಲಿಲ್ಲ. ಎಲ್ಲರಿಗೂ ಟೀ ತರಿಸಿ, ಯಾರಾದರೂ ಮಾತು ತೆಗೆಯುವವರೆಗೆ ಕಾಯುತ್ತಿದ್ದ. ಕಲ್ಲು ಮನಸ್ಸು ಮಾಡಿಕೊಳ್ಳಿ ಎಂದು ಹಿಂದಿನವರು ಹೇಳುತ್ತಿದ್ದರಂತೆ. ‘ಕಲ್ಲಾದರೆ ಬಿಸಿಗೆ ಬಿರಿಯುತ್ತೆ ಸಾರ್’ ಎನ್ನುತ್ತಿದ್ದ ಇವನು.

ಪ್ರತಿ ಜೂನ್‌ನಲ್ಲಿ ತಾಲ್ಲೂಕಿನ ಶಾಲೆಗಳಿಗೆ ಹೋಗುವುದನ್ನು ಅವನು ತಪ್ಪಿಸಲಿಲ್ಲ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯಲ್ಲಿ ಅಡುಗೆ ಮನೆಯಿಂದ ಎದ್ದ ಬೆಂಕಿ ಗರಿಯ ಚಾವಣಿಗೆ ಹತ್ತಿ 94 ಮಕ್ಕಳು ಸತ್ತದ್ದನ್ನು ಅವನು ಮರೆತಿರಲಿಲ್ಲ. ನಮ್ಮ ಬೆಂಗಳೂರಿನಲ್ಲೇ 1981ರ ಫೆಬ್ರುವರಿ 7ರಂದು ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಮಂದಿ, ಹೆಚ್ಚಿನವರು ಮಕ್ಕಳೇ, ಹೋದದ್ದು ನನ್ನ ವಯಸ್ಸಿನವರಿಗೆಲ್ಲ ನೆನಪಿದೆ. ಶಾಲೆಗೆ ಬಂದರೆ ಭಾಷಣಕ್ಕೆ ಮೊದಲು ಅವನು ಮಾಡುತ್ತಿದ್ದ ಕೆಲಸ ಹಿಂದಿನ ಗೇಟಿನ ಬೀಗ ಎಳೆದು ನೋಡುವುದು. ಕೀಲಿ ಯಾರ ಬಳಿ ಎಂದು ಕೇಳುವುದು. ಆಮೇಲೆ ಮಕ್ಕಳನ್ನು ಸಾಲಾಗಿ ಹೊರಗೆ ಕಳಿಸಿ ಗಡಿಯಾರ ನೋಡುವುದು. ಮೊದಲ ವರ್ಷ ನಮ್ಮ ಶಾಲೆಯ 400 ಮಕ್ಕಳು ಹೊರಬರಲು ಏಳು ನಿಮಿಷ ಹಿಡಿಯಿತು. ಮೂರನೇ ವರ್ಷ ಎರಡೂವರೆ ನಿಮಿಷ. ಇದು ಪತ್ರಿಕೆಯಲ್ಲಿ ಬರುವ ಸುದ್ದಿಯಲ್ಲ.

ಕಚೇರಿಗೆ ವರ್ಗ ಕೇಳಿದ ಅರ್ಜಿಯನ್ನು ಅವನು ಕಳಿಸಲಿಲ್ಲ. ಯಾಕೆಂದು ಕೇಳಿದಾಗ ಕೊಟ್ಟ ಕಾರಣ ಬಹಳ ಸಾಧಾರಣವಾದದ್ದು. ‘ಬಾವಿಗಳ ಲೆಕ್ಕ ಎಲ್ಲಾ ನನ್ನ ತಲೇಲಿದೆ, ಪುಸ್ತಕದಲ್ಲಿ ಅರ್ಧ ಮಾತ್ರ ಇದೆ. ನಾನು ಈಗ ಹೋದರೆ ಹೊಸಬರು ಕಲಿಯೋಕೆ ಎರಡು ಬೇಸಿಗೆ ಬೇಕು. ಮೊದಲು ನಾನಿಲ್ಲದೆ ನಡೆಯೋ ಹಾಗೆ ಮಾಡ್ತೀನಿ. ಆಮೇಲೆ ನೋಡೋಣ.’ ಕೇಳಿದ ವಿವರಣೆಗೆ ಗೋಡೆಯ ಲೆಕ್ಕ ಬರೆದು, ಕುಸಿದ ಕಲ್ಲುಗಳ ಫೋಟೋ ಲಗತ್ತಿಸಿ ಕಳಿಸಿದ. ಅದಕ್ಕೆ ಮೆಚ್ಚುಗೆಯೂ ಬರಲಿಲ್ಲ, ಶಿಕ್ಷೆಯೂ ಬರಲಿಲ್ಲ. ಕಡತ ಎಲ್ಲೋ ಮುಚ್ಚಿಕೊಂಡಿತು.

ತಾನಿಲ್ಲದೆ ನಡೆಯುವ ಹಾಗೆ ಮಾಡುವುದು! ಅಧಿಕಾರದಲ್ಲಿರುವವರು ಸಾಮಾನ್ಯವಾಗಿ ಮಾಡುವುದು ಇದರ ವಿರುದ್ಧದ ಕೆಲಸ. ಎಲ್ಲ ಕೀಲಿಯೂ ತನ್ನ ಸೊಂಟದಲ್ಲೇ ಇರಬೇಕು, ತಾನು ರಜೆ ಹಾಕಿದರೆ ಕಚೇರಿ ನಿಲ್ಲಬೇಕು ಎಂದು ಬಯಸುವವರೇ ಹೆಚ್ಚು. ಬೆಂಕಿಯ ಕೆಲಸದಲ್ಲಿ ಆ ಐಷಾರಾಮ ಇಲ್ಲ. ಗೋಡೆ ಬೀಳುವಾಗ ಇದು ನಾಯಕನ ತಲೆ ಎಂದು ನೋಡುವುದಿಲ್ಲ. ಟೂಲಿ ಸ್ಟ್ರೀಟಿನಲ್ಲಿ ಬ್ರೇಡ್‌ವುಡ್ ಬಿದ್ದ ಮೇಲೂ ಅವನ ದಳ ಎರಡು ವಾರ ಆ ಬೆಂಕಿಯೊಂದಿಗೆ ಹೋರಾಡಿತು. ಲಂಡನ್ನಿನ ಜನ ಅವನ ಶವಯಾತ್ರೆಗೆ ಕಿಕ್ಕಿರಿದು ಸೇರಿದರು ನಿಜ. ಆದರೆ ಅವನಿಗೆ ಸಂದ ದೊಡ್ಡ ಗೌರವ, ಅವನಿಲ್ಲದೆಯೂ ಪೈಪು ಹಿಡಿದು ನಿಂತ ಆ ಜನರೇ ಎಂದು ನನ್ನ ಎಣಿಕೆ.

ನನ್ನ ಶಿಷ್ಯ 2021ರಲ್ಲಿ ಬೇರೆ ಜಿಲ್ಲೆಯ ಠಾಣೆಗೆ ವರ್ಗವಾಗಿ ಹೋದ. ಅವನು ಬಿಟ್ಟುಹೋದ ಲೆಕ್ಕದ ಪುಸ್ತಕಕ್ಕೆ ಈಗ ರಟ್ಟು ಹಾಕಿಸಿದ್ದಾರೆ. ಮೂರು ಕೈಬರಹಗಳು ಅದರಲ್ಲಿವೆ. ಹೊಸ ಬಡಾವಣೆಗಳ ನಕ್ಷೆ ಸೇರಿದೆ. ಬತ್ತಿಹೋದ ಬಾವಿಗಳಿಗೆ ಕೆಂಪು ಶಾಯಿಯ ಗೀಟು ಬಿದ್ದಿದೆ. ಮೊನ್ನೆ ನೋಡಿದಾಗ ಕೊನೆಯ ಪುಟದ ಬರಹ ಗುರುತು ಸಿಕ್ಕಿತು. ಅಂದು ಉತ್ತರದ ಬಾಗಿಲಿಗೆ ಓಡಿದ್ದ ಹುಡುಗನದು. ಒಂದು ಹತ್ತಿ ಗಿರಣಿಯ ಗೋಡೆಯ ಎತ್ತರ ಬರೆದು, ಪಕ್ಕದಲ್ಲಿ ಅದರ ಒಂದೂವರೆಯಷ್ಟು ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿಟ್ಟಿದ್ದಾನೆ.